ಓದಿಯೇ ಸಹಿ ಹಾಕುತ್ತಿದ್ದ ವನಜಕ್ಕ

ವನಜಕ್ಕ ಕಳ್ಳಿ ಅನ್ನುವವರ ಬಾಯಿ ಮುಚ್ಚಿಸುವ ಯೋಗ್ಯತೆ ನನಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯೋಗ್ಯತೆ ಇದ್ದಿದ್ದರೆ ಹೀಗೆ ಬರೆಯುತ್ತಾ ಕೂರುತ್ತಿರಲಿಲ್ಲ. ಅವರು ಕೊಟ್ಟ ಎರಡು ಹಾಳೆಯ ಕೊನೆಯಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿ ಕೊಟ್ಟು ಬರುತ್ತಿದ್ದೆ. ಆ ಹಾಳೆಗಳು ಹತ್ತು ತಿಂಗಳಿಂದ ನನ್ನ ಬ್ಯಾಗಿನಲ್ಲೇ ಇವೆ.

ನಾನು ಸ್ಫೂರ್ತಿ. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಜನರ ಬಿಟ್‌ಕಾಯಿನ್ ಇಟ್ಟುಕೊಂಡು, ಅವರು ವಾಪಸ್ ಕೇಳಿದಾಗ ಹೇಳಿದ ವಿಳಾಸಕ್ಕೆ ಕಳಿಸಿಕೊಡುವ ಕಂಪನಿ ನಮ್ಮದು. ವಿಳಾಸ ಅಂದರೆ ಮನೆ ನಂಬರು, ಅಡ್ಡರಸ್ತೆ ಅಲ್ಲ. ಅಕ್ಷರ, ಅಂಕಿ ಸೇರಿದ ಮಾರುದ್ದದ ಸಾಲು. ತಪ್ಪು ವಿಳಾಸಕ್ಕೆ ಹೋಯಿತೋ, ಮುಗಿಯಿತು. ವಾಪಸ್ ತರಿಸಿಕೊಡಲು ಅಲ್ಲಿ ಯಾವ ಬ್ಯಾಂಕ್ ಮ್ಯಾನೇಜರೂ ಕೂತಿಲ್ಲ. ಹಾಗೆ ಕಳಿಸಿಕೊಡುವ ಟೇಬಲ್ಲಿನಲ್ಲಿ ವನಜಕ್ಕ ಆರು ವರ್ಷ ಕೂತಿದ್ದರು. ಆರು ವರ್ಷದಲ್ಲಿ ಒಂದೇ ಒಂದು ತಪ್ಪು ಆಗಿರಲಿಲ್ಲ.

ಅವರು ಓದುವ ರೀತಿಯೇ ಹಾಗಿತ್ತು. ಪರದೆಯ ಮೇಲೆ ಬೆರಳಿಟ್ಟು, ನಾಲ್ಕು ನಾಲ್ಕು ಅಕ್ಷರ ಒಡೆದು, ಬಾಯಿಬಿಟ್ಟು ಓದುತ್ತಿದ್ದರು. ಓದಿ ಮುಗಿಸಿ, ಮತ್ತೆ ಹಿಂದಿನಿಂದ ಮುಂದಕ್ಕೆ ಒಂದು ಸಲ. ಆಮೇಲೇ ಸರಿ ಅಂತ ಒತ್ತುವುದು. "ಶುರುವಾಯ್ತು ನೋಡಪ್ಪ ವನಜಕ್ಕನ ಸಹಸ್ರನಾಮ" ಅಂತ ನಾವೆಲ್ಲ ನಗುತ್ತಿದ್ದೆವು. ಅವರಿಗೆ ಕೋಪ ಬರುತ್ತಿರಲಿಲ್ಲ. "ನಗ್ರೋ ನಗ್ರೋ. ಓದ್ದೇ ಸೈನ್ ಹಾಕಿದ್ರೆ ಏನಾಗುತ್ತೆ ಅಂತ ನನ್ ಹತ್ರ ಕೇಳಿ" ಅನ್ನುತ್ತಿದ್ದರು. ಒಂದು ದಿನ ನಾನು ಕೇಳಿಯೂ ಬಿಟ್ಟೆ.

ಅವರು ಪಟ್ಟಂದೂರು ಅಗ್ರಹಾರದವರು. ನಮ್ಮ ಹಾಗೆ ಬಾಡಿಗೆಗೆ ಬಂದು ಸೇರಿಕೊಂಡವರಲ್ಲ, ಅಲ್ಲೇ ಹುಟ್ಟಿದವರು. ಅಪ್ಪನಿಗೆ ಒಂದು ಎಕರೆ ಹತ್ತು ಗುಂಟೆ ಇತ್ತು. ಅಪ್ಪ ಹೋದ ಮೇಲೆ, ಇವರಿಗೆ ಮದುವೆಯಾದ ವರ್ಷ, ಅಣ್ಣ ಶ್ಯಾಮಣ್ಣ ಗೌರಿ ಹಬ್ಬದ ಹಿಂದಿನ ದಿನ ಬಂದರಂತೆ. ತಟ್ಟೆಯಲ್ಲಿ ಅರಿಶಿನ ಕುಂಕುಮ, ಬಳೆ, ಬಾಳೆಹಣ್ಣು, ಒಂದು ರೇಷ್ಮೆ ಸೀರೆ. "ಖಾತೆ ಮಾಡ್ಸಕ್ಕೆ ಕಣಮ್ಮ, ಸುಮ್ಕೆ ಒಂದು ಸೈನು. ನಂಜೊತೆ ಬಂದು ಆಕ್ಬುಟ್ಟು ಬಂದ್ಬುಡು." ಇವರು ಆ ಹೊಸ ಸೀರೆಯನ್ನೇ ಉಟ್ಟುಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಬಂದರು. ಅದು ಹಕ್ಕು ಬಿಡುಗಡೆ ಪತ್ರ. ಅಪ್ಪನ ಆಸ್ತಿಯಲ್ಲಿ ನನಗೇನೂ ಬೇಡ ಅಂತ ಸಂತೋಷವಾಗಿ ಬರೆದುಕೊಟ್ಟ ಪತ್ರ.

ಆ ಊರುಗಳಲ್ಲಿ ಇದೇನೂ ದೊಡ್ಡ ವಿಷಯವಲ್ಲ. ಮನೆಮನೆಯಲ್ಲೂ ಒಂದು ಸೀರೆ, ಒಂದು ಸಹಿ. ಈಗ ಆ ಜಮೀನಿನ ಮೇಲೆ ಶ್ಯಾಮಣ್ಣನ ಐದು ಮಹಡಿ ಪಿಜಿ ನಿಂತಿದೆ. ಅದರ ಪಕ್ಕದ ಕಟ್ಟಡವೂ ಅವರದೇ. ಅದರಲ್ಲಿ ಎರಡನೇ ಮಹಡಿಯ ಒಂದು ಮನೆಯಲ್ಲಿ ವನಜಕ್ಕ, ಅವರ ಗಂಡ ದೇವರಾಜಣ್ಣ ಬಾಡಿಗೆಗೆ ಇದ್ದರು. ತಂಗಿ ಅಂತ ಐನೂರು ರೂಪಾಯಿ ಕಡಿಮೆ ಮಾಡಿದ್ದರಂತೆ, ಪುಣ್ಯಾತ್ಮ!

"ಕೋಪ ಬರಲ್ವಾ ಅಕ್ಕ?" ಅಂದೆ.

"ಅಣ್ಣನ ಮೇಲೆ ಏನು ಕೋಪ ಮಾಡ್ಕೊಳ್ಳೋದು? ಪೇಪರ್ ನನ್ ಕೈಯಲ್ಲೇ ಇತ್ತಲ್ಲೇ. ಕನ್ನಡದಲ್ಲೇ ಇತ್ತು. ನಂಗೆ ಓದೋಕೆ ಬರ್ತಿತ್ತು. ಓದ್ಲಿಲ್ಲ" ಅಂದರು. ಇಪ್ಪತ್ತು ವರ್ಷ ಆ ಮಾತನ್ನು ತಮಗೆ ತಾವೇ ಹೇಳಿಕೊಂಡು ಸವೆಸಿದ ಹಾಗಿತ್ತು ಅವರ ದನಿ. ಆವತ್ತಿನಿಂದ ಸಹಸ್ರನಾಮ ಅನ್ನುವುದನ್ನು ನಾನು ಬಿಟ್ಟೆ.

ಹೋದ ವರ್ಷದವರೆಗೆ ವನಜಕ್ಕ ಸರಿ ಅಂತ ಒತ್ತಿದರೆ ಸಾಕಿತ್ತು, ಸರ್ವರ್ ತನ್ನೊಳಗೇ ಇದ್ದ ಕೀಲಿಯಿಂದ ಸಹಿ ಹಾಕಿ ಹಣ ಕಳಿಸಿಬಿಡುತ್ತಿತ್ತು. ಸರ್ವರಿಗೆ ಕಳ್ಳ ನುಗ್ಗಿದರೆ ಎಲ್ಲ ಹೋಯಿತು. ಎಲ್ಲೋ ಒಂದು ದೊಡ್ಡ ಕಂಪನಿಯಲ್ಲಿ ಹಾಗೆ ಆಗಿದೆ ಅಂತ ಸುದ್ದಿ ಬಂದದ್ದೇ ತಡ, ನಮ್ಮ ಮಾಲೀಕರು ಪರಮಾನಂದ ಸರ್‌ಗೆ ನಡುಕ ಹತ್ತಿತು. ದುಡ್ಡು ಹಾಕುವವರು ಬೇರೆ ಕೇಳತೊಡಗಿದರು. "ಸ್ಫೂರ್ತಿ, ಮೂರು ತಿಂಗಳಲ್ಲಿ ಪಿಎಸ್‌ಬಿಟಿ ಬರಬೇಕು" ಅಂದರು.

ಪಿಎಸ್‌ಬಿಟಿ ಅಂದರೆ ಅರ್ಧ ಸಹಿಯ ಚೀಟಿ ಅಂದುಕೊಳ್ಳಿ. ಯಾರಿಗೆ ಎಷ್ಟು ಹೋಗಬೇಕು ಅಂತ ಸರ್ವರ್ ಚೀಟಿ ಬರೆಯುತ್ತದೆ, ಆದರೆ ಸಹಿ ಹಾಕುವುದಿಲ್ಲ. ಸಹಿಯ ಕೀಲಿ ಇರುವುದು ಬೆಂಕಿಪೊಟ್ಟಣದಷ್ಟು ದೊಡ್ಡ, ಇಂಟರ್‌ನೆಟ್ ಇಲ್ಲದ ಡಿವೈಸಿನಲ್ಲಿ. ಒಬ್ಬರು ಆ ಪುಟ್ಟ ಪರದೆಯಲ್ಲಿ ವಿಳಾಸ ಓದಿ ಬಟನ್ ಒತ್ತುತ್ತಾರೆ. ಆಗಲೂ ಚೀಟಿ ಅರ್ಧವೇ, ಹಣ ಅಲ್ಲಾಡುವುದಿಲ್ಲ. ಇನ್ನೊಬ್ಬರು ತಮ್ಮ ಡಿವೈಸಿನಲ್ಲಿ ಮತ್ತೆ ಓದಿ ಒತ್ತಿದರೆ ಮಾತ್ರ ಹಣ ಹೊರಡುತ್ತದೆ. ಒಂದು ಡಿವೈಸ್ ವನಜಕ್ಕನಿಗೆ, ಒಂದು ಪರಮಾನಂದ ಸರ್‌ಗೆ. ಆಪತ್ತಿಗೆ ಅಂತ ಮೂರನೆಯದು ಬ್ಯಾಂಕ್ ಲಾಕರಿನಲ್ಲಿ.

ಕೇಳಿದ ದಿನ ವನಜಕ್ಕನಿಗೆ ಆದ ಖುಷಿ ನೋಡಬೇಕಿತ್ತು. "ಇದು ಕಣೇ ಕೆಲ್ಸ ಅಂದ್ರೆ! ಇಬ್ರು ಓದ್ಬೇಕು. ಆವತ್ತು ನನ್ ಜೊತೆ ಇನ್ನೊಬ್ರು ಓದೋರು ಇದ್ದಿದ್ರೆ..." ಅಂದು ಅಲ್ಲಿಗೇ ನಿಲ್ಲಿಸಿ, ಮನೆಯಿಂದ ತಂದಿದ್ದ ಅವರೆಕಾಳು ಉಪ್ಪಿಟ್ಟಿನಲ್ಲಿ ಅರ್ಧ ನನ್ನ ಡಬ್ಬಿಗೆ ಹಾಕಿದರು.

ಈಗ ನನ್ನ ಘನಕಾರ್ಯ ಕೇಳಿ. ಬಿಟ್‌ಕಾಯಿನ್ ಕಳಿಸುವುದು ನೋಟು ಮುರಿಸಿದ ಹಾಗೆ. ಇಪ್ಪತ್ತು ರೂಪಾಯಿ ಟಿಕೆಟ್ಟಿಗೆ ಐನೂರರ ನೋಟು ಕೊಟ್ಟರೆ ಉಳಿದದ್ದು ಚಿಲ್ಲರೆಯಾಗಿ ವಾಪಸ್ ಬರಬೇಕಲ್ಲ? ಇಲ್ಲಿ ಆ ಚಿಲ್ಲರೆ ವಾಪಸ್ ಬರುವುದಕ್ಕೂ ಒಂದು ವಿಳಾಸ ಬೇಕು. ನಮ್ಮದೇ ವಿಳಾಸ, ಪ್ರತಿ ಸಲವೂ ಹೊಸದು. ಹಾಗಾಗಿ ಚೀಟಿಯಲ್ಲಿ ಎರಡು ವಿಳಾಸ: ಒಂದು ಗಿರಾಕಿಯದು, ಇನ್ನೊಂದು ಚಿಲ್ಲರೆಯದು. ಎರಡನೆಯದು ನಮ್ಮ ಕೀಲಿಗಳಿಂದಲೇ ಹುಟ್ಟಿದ್ದು ಅನ್ನುವ ಗುರುತನ್ನು ಚೀಟಿಯೊಳಗೆ ಸೇರಿಸಿದ್ದರೆ, ಡಿವೈಸ್ ತಾನೇ ಲೆಕ್ಕ ಹಾಕಿ ನೋಡಿ, ಇದು ನಮ್ಮದೇ ಅಂತ ಖಚಿತ ಮಾಡಿಕೊಳ್ಳುತ್ತದೆ. ನಮ್ಮದಲ್ಲದಿದ್ದರೆ, ಇಲ್ಲವೇ ಗುರುತೇ ಇಲ್ಲದಿದ್ದರೆ ಮಾತ್ರ ಪರದೆಯ ಮೇಲೆ ತೋರಿಸಿ ಕೇಳುತ್ತದೆ.

ನಾನು ಆ ಗುರುತು ಸೇರಿಸಲಿಲ್ಲ. ಗೊತ್ತಿಲ್ಲದೆ ಅಲ್ಲ, ಚೆನ್ನಾಗಿ ಗೊತ್ತಿತ್ತು. ದಿನ ಉಳಿದಿರಲಿಲ್ಲ, ಪರಮಾನಂದ ಸರ್ ತಲೆಯ ಮೇಲೆ ಕೂತಿದ್ದರು. ಕೋಡಿನ ಆ ಜಾಗದಲ್ಲಿ "ಆಮೇಲೆ" ಅಂತ ಒಂದು ಪದ ಬರೆದು ಮುಂದೆ ಹೋದೆ.

ಮೊದಲ ದಿನವೇ ವನಜಕ್ಕ ಹಿಡಿದರು. "ಸ್ಫೂರ್ತಿ, ಬಾ ಇಲ್ಲಿ. ಇದು ಗಿರಾಕಿ ವಿಳಾಸ, ಓದ್ದೆ, ಸರಿ ಇದೆ. ಕೆಳಗೆ ಇನ್ನೊಂದು ತೋರಿಸ್ತಿದೆಯಲ್ಲ, ಇದು ಯಾರ್ದು?"

"ಅದು ನಮ್ಮ ಚಿಲ್ಲರೆ ಅಕ್ಕ. ವಾಪಸ್ ನಮಗೇ ಬರುತ್ತೆ. ಸುಮ್ನೆ ಓಕೆ ಒತ್ತಿ."

ಚಿಲ್ಲರೆಯ ಸಂಗತಿ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ದೇವರಾಜಣ್ಣ ಇಪ್ಪತ್ತು ವರ್ಷದಿಂದ ಬಸ್ ಕಂಡಕ್ಟರು. "ಅದು ಗೊತ್ತಾಯ್ತು ಕಣೇ. ನಮ್ಮನೆಯವರು ಟಿಕೆಟ್ ಹಿಂದೆ ಬರೆದು ಕೊಡ್ತಾರೆ, ಇಳಿಯೋವಾಗ ಪ್ಯಾಸೆಂಜರ್ ತೋರಿಸಿ ಇಸ್ಕೋತಾರೆ. ನಾನು ಯಾವುದನ್ನ ನೋಡಿ ನಮ್ದು ಅಂತ ಹೇಳ್ಲಿ? ಒಂದು ಪಟ್ಟಿ ಕೊಡು, ಹೊಂದಿಸಿ ನೋಡ್ಕೋತೀನಿ."

ಮುಂದೆ ಬರುವ ನೂರು ವಿಳಾಸಗಳ ಪಟ್ಟಿ ತೆಗೆದು ಕೊಡುವುದು ಹತ್ತು ನಿಮಿಷದ ಕೆಲಸ. "ಅಷ್ಟೆಲ್ಲ ಬೇಡ ಬಿಡಿ ಅಕ್ಕ, ಮುಂದಿನ ತಿಂಗಳು ಅದು ಕಾಣಿಸೋದೇ ಇಲ್ಲ ಹಾಗೆ ಮಾಡ್ತೀನಿ" ಅಂದೆ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದರು. ಮುಂದಿನ ತಿಂಗಳ ಮೀಟಿಂಗಿನಲ್ಲಿ ಎಲ್ಲರ ಎದುರೇ ಕೇಳಿದರು. "ಮೇಡಂ, ಇಂಜಿನಿಯರ್ ಹೇಳ್ತಿದಾರಲ್ಲ, ನಂಬಿ" ಅಂದರು ಪರಮಾನಂದ ಸರ್. ಇಂಜಿನಿಯರ್ ಅನಿಸಿಕೊಂಡ ನಾನು ಹೌದೆಂದು ತಲೆಯಾಡಿಸಿದೆ. ಥೂ, ಆ ತಲೆಯಾಡಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಓದದೆ ಏನನ್ನೂ ಒತ್ತದ ಹೆಂಗಸಿಗೆ ನಾನು ಓದದೆ ಒತ್ತುವುದನ್ನು ಕಲಿಸಿದೆ. ದಿನಕ್ಕೆ ನಲವತ್ತು ಚೀಟಿ. ಮೊದಲ ವಿಳಾಸ ನಾಲ್ಕು ನಾಲ್ಕು ಅಕ್ಷರವಾಗಿ ಓದುವುದು, ಎರಡನೆಯದಕ್ಕೆ ಓಕೆ. ಎರಡು ತಿಂಗಳಲ್ಲಿ ಅವರ ಬೆರಳಿಗೇ ಅದು ಅಭ್ಯಾಸವಾಗಿ ಹೋಯಿತು.

ಇನ್ನು ಪರಮಾನಂದ ಸರ್. ಎರಡನೇ ವಾರಕ್ಕೇ ಅವರಿಗೆ ಸಾಕಾಯಿತು. ನನ್ನ ಕಣ್ಣೆದುರೇ ಬಂದು ತಮ್ಮ ಡಿವೈಸನ್ನು ವನಜಕ್ಕನ ಟೇಬಲ್ಲಿನ ಮೇಲಿಟ್ಟರು. ಅದರ ಮೇಲೆ ಒಂದು ಹಳದಿ ಚೀಟಿ, ಚೀಟಿಯಲ್ಲಿ ಪಿನ್ ನಂಬರು. "ದಿನಾ ನಲವತ್ತು ಸಲ ಬಟನ್ ಒತ್ತೋಕೆ ನಾನೇನು ಲಿಫ್ಟ್ ಆಪರೇಟರಾ? ಎರಡನ್ನೂ ನೀವೇ ಮಾಡ್ಬಿಡಿ ಮೇಡಂ."

"ಸಾರ್, ಇಬ್ರು ನೋಡ್ಲಿ ಅಂತ ತಾನೇ ಇದನ್ನ ಮಾಡ್ಸಿದ್ದು?"

"ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ."

"ಹಂಗಾದ್ರೆ ಒಂದು ಮೇಲ್ ಹಾಕಿಬಿಡಿ ಸಾರ್, ನನಗೆ ಕೊಟ್ಟಿದ್ದೀನಿ ಅಂತ."

ಅವರು ನಕ್ಕುಬಿಟ್ಟರು. "ಒಂದು ಬಟನ್ ಒತ್ತೋಕೆ ಮೇಲಾ?" ಅಂದು ಹೊರಟೇ ಹೋದರು. ಮೇಲ್ ಬರಲಿಲ್ಲ. ಆದರೆ ಗಿರಾಕಿಗಳು ಕಾಯುತ್ತಿದ್ದರು, ಇಪ್ಪತ್ತು ಚೀಟಿ ಅರ್ಧ ಸಹಿಯಲ್ಲಿ ನಿಂತಿದ್ದವು, ಯಾಕೆ ತಡ ಅಂತ ಫೋನುಗಳು. ವನಜಕ್ಕ ಪಿನ್ ಬಾಯಿಪಾಠ ಮಾಡಿಕೊಂಡು ಹಳದಿ ಚೀಟಿಯನ್ನು ಚೂರು ಚೂರು ಮಾಡಿ ಬುಟ್ಟಿಗೆ ಹಾಕಿದರು. "ಪಿನ್ ಹಂಗೆಲ್ಲ ಬಿದ್ದಿರ್ಬಾರ್ದು ಕಣೇ" ಅಂದರು.

ಆಮೇಲೆ ಅವರು ಮಾಡಿದ್ದು, ಅವರು ಮಾತ್ರ ಮಾಡುವಂಥದ್ದು. ಆ ಡಿವೈಸನ್ನು ಒಯ್ದು ಪರಮಾನಂದ ಸರ್ ಡ್ರಾಯರಿನಲ್ಲೇ ವಾಪಸ್ ಇಟ್ಟರು. ತಮ್ಮ ಸಹಿಯನ್ನು ತಮ್ಮ ಕುರ್ಚಿಯಲ್ಲಿ ಕೂತು ಹಾಕುತ್ತಿದ್ದರು. ಆಮೇಲೆ ಎದ್ದು, ಪರಮಾನಂದ ಸರ್ ಕ್ಯಾಬಿನ್ನಿಗೆ ಹೋಗಿ, ಅವರ ಡ್ರಾಯರಿನಿಂದ ಡಿವೈಸ್ ತೆಗೆದು, ಅವರ ಕುರ್ಚಿಯಲ್ಲಿ ಕೂತು, ಮೊದಲಿನಿಂದ ಮತ್ತೆ ಓದಿ ಎರಡನೇ ಸಹಿ ಹಾಕುತ್ತಿದ್ದರು. ದಿನಕ್ಕೆ ಎಷ್ಟು ಸಲ ಅಲ್ಲಿಂದಿಲ್ಲಿಗೆ ಓಡಾಟ!

"ಎರಡನ್ನೂ ಇಲ್ಲೇ ಕೂತು ಹಾಕ್ಬಾರ್ದಾ ಅಕ್ಕ?" ಅಂದರೆ, "ಅಲ್ಲಿ ಕೂತ್ಕೊಂಡ್ರೆ ನಾನು ಬೇರೆಯವಳು ಅನ್ಸುತ್ತೆ ಕಣೇ. ಹೊಸ ಕಣ್ಣಿಂದ ಓದ್ತೀನಿ" ಅಂದರು. ಮಾಲೀಕರು ಮಾಡದ ಕೆಲಸವನ್ನು ಮಾಲೀಕರ ಹಾಗೆ ಕೂತು ಮಾಡುವ ನಿಯತ್ತು ಅದು. ಕ್ಯಾಬಿನ್ನಿನ ಮೂಲೆಯಲ್ಲಿ ಒಂದು ಕ್ಯಾಮೆರಾ ಇತ್ತು, ಎಲ್ಲವನ್ನೂ ನೋಡುತ್ತಿತ್ತು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅದು ಆಯಿತು. ಯಾರೋ ನಮ್ಮ ಸರ್ವರಿನೊಳಗೆ ನುಗ್ಗಿ, ಚೀಟಿಯಲ್ಲಿ ಚಿಲ್ಲರೆಯ ವಿಳಾಸವನ್ನು ಮಾತ್ರ ಬದಲಾಯಿಸಿದ್ದರು. ಗಿರಾಕಿಯ ವಿಳಾಸ ಸರಿಯಾಗಿಯೇ ಇತ್ತು; ವನಜಕ್ಕ ಅದನ್ನು ಎರಡು ಕುರ್ಚಿಯಲ್ಲೂ ಓದಿದರು. ಎರಡನೆಯದಕ್ಕೆ ಎರಡು ಸಲವೂ ಓಕೆ. ಗಿರಾಕಿಗೆ ಹೋಗಬೇಕಾಗಿದ್ದದ್ದು ಚೂರುಪಾರು, ಹೋಯಿತು. ಚಿಲ್ಲರೆಯಾಗಿ ವಾಪಸ್ ಬರಬೇಕಾಗಿದ್ದ ಆರು ಬಿಟ್‌ಕಾಯಿನ್ ಮಾತ್ರ ಬರಲಿಲ್ಲ. ಐದು ಕೋಟಿಯ ಮೇಲಿನ ಮಾತು. ಯಾರು ತೆಗೆದುಕೊಂಡರು ಅಂತ ಇವತ್ತಿಗೂ ಗೊತ್ತಿಲ್ಲ.

ಸರ್ವರಿಗೆ ನುಗ್ಗಿದವನು ಸಿಗಲಿಲ್ಲ, ಎರಡು ಸಹಿ ಸಿಕ್ಕಿತು. ಎರಡೂ ವನಜಕ್ಕನ ಬೆರಳು. ವಿಚಾರಣೆಗೆ ಬಂದವರು ಕ್ಯಾಮೆರಾ ಹಾಕಿ ನೋಡಿದರು: ಒಬ್ಬ ಹೆಂಗಸು ಮಾಲೀಕರಿಲ್ಲದ ಹೊತ್ತಿನಲ್ಲಿ ಕ್ಯಾಬಿನ್ನಿಗೆ ಹೋಗುತ್ತಾಳೆ, ಡ್ರಾಯರ್ ತೆಗೆಯುತ್ತಾಳೆ, ಅವರ ಕುರ್ಚಿಯಲ್ಲೇ ಕೂರುತ್ತಾಳೆ, ಅವರ ಡಿವೈಸಿನಲ್ಲಿ ಸಹಿ ಹಾಕುತ್ತಾಳೆ. "ನನ್ನ ಡಿವೈಸ್ ನನ್ನ ಡ್ರಾಯರಲ್ಲೇ ಇರ್ತಿತ್ತು. ಪಿನ್ ಹೇಗೆ ತಿಳ್ಕೊಂಡ್ರೋ ನನಗೆ ಗೊತ್ತಿಲ್ಲ" ಅಂದರು ಪರಮಾನಂದ ಸರ್. ಕಣ್ಣು ಪಿಳುಕಿಸದೆ ಹೇಳಿದರು, ಮಹಾರಾಯ. ಮೇಲ್ ಇಲ್ಲ. ಹಳದಿ ಚೀಟಿ ಕಸದ ಜೊತೆ ಎಂದೋ ಹೋಗಿತ್ತು.

ಅದೇ ಸಂಜೆ ನನ್ನನ್ನೂ ಒಳಗೆ ಕರೆದರು. ನೀರು ಕೊಡಿಸಿದರು. "ಸ್ಫೂರ್ತಿ, ಆ ಚಿಲ್ಲರೆ ಗುರುತು ನಿನ್ನ ಕೋಡಲ್ಲಿ ಇರ್ಲಿಲ್ಲ ಅಂತ ನಾನು ಯಾರಿಗೂ ಹೇಳಿಲ್ಲ" ಅಂದರು. ಅಷ್ಟೇ. ಬೆದರಿಸಲಿಲ್ಲ, ಗದರಿಸಲಿಲ್ಲ. ಹೊರಗೆ ಬಂದು ಬಿಟ್ಟುಹೋಗಿದ್ದ ಕೋಡನ್ನು ಬರೆದೆ. ಹನ್ನೊಂದು ಸಾಲು. "ಆಮೇಲೆ" ಅನ್ನುವ ಪದ ಅಳಿಸಿದೆ. ಈಗ ನಮ್ಮ ಡಿವೈಸುಗಳಲ್ಲಿ ಚಿಲ್ಲರೆಯ ವಿಳಾಸ ಕಾಣಿಸುವುದೇ ಇಲ್ಲ; ಕಾಣಿಸಿತು ಅಂದರೆ ಮೋಸ ಅಂತಲೇ ಅರ್ಥ.

ವನಜಕ್ಕನನ್ನು ಕೆಲಸದಿಂದ ತೆಗೆದರು, ಪೊಲೀಸರಿಗೆ ದೂರು ಕೊಟ್ಟರು. ಮನೆಯ ಮುಂದೆ ಎರಡು ಸಲ ಜೀಪು ಬಂದು ನಿಂತಿತು. ಶ್ಯಾಮಣ್ಣ ಮೆಟ್ಟಿಲ ಮೇಲೇ ನಿಂತು ಮಾತು ಮುಗಿಸಿದರಂತೆ. "ಪೊಲೀಸ್ನೋರು ಬಂದೋಗೋ ಕಡೆ ಪಿಜಿಗೆ ಎಣ್ಮಕ್ಳು ಸೇರ್ತಾರಾ? ನೀನೇ ಯೋಳಮ್ಮ. ತಿಂಗ್ಳು ಮುಗಿಯೋಗಂಟ ಇರು, ನಾನೇನು ಬ್ಯಾಡ ಅನ್ನಲ್ಲ." ತಿಂಗಳು ಮುಗಿಯುವುದಕ್ಕೆ ಆಗ ಒಂಬತ್ತು ದಿನ ಇತ್ತು. ಅಪ್ಪನ ಹೊಲವಿದ್ದ ಜಾಗದಿಂದ ವನಜಕ್ಕ ಎರಡನೇ ಸಲ ಹೊರಬಿದ್ದರು. ಈ ಸಲ ಸೀರೆಯೂ ಇಲ್ಲ.

ಹೊರಡುವ ಹಿಂದಿನ ದಿನ ನನ್ನನ್ನು ಕರೆದರು. ಐಟಿ ಪಾರ್ಕಿನ ಹಿಂದಿನ ಗೇಟಿನ ಹತ್ತಿರ ಟೀ ಅಂಗಡಿ. ಚೀಲದಿಂದ ಎರಡು ಹಾಳೆ ತೆಗೆದರು, ಅವರದೇ ದುಂಡು ಅಕ್ಷರದಲ್ಲಿ ಕನ್ನಡದಲ್ಲಿ ಬರೆದದ್ದು. ಚಿಲ್ಲರೆಯ ವಿಳಾಸದ ಬಗ್ಗೆ ಮೂರು ಸಲ ಕೇಳಿದೆ, ಒತ್ತಿ ಅಂತ ಹೇಳಿದರು. ಮಾಲೀಕರ ಡಿವೈಸನ್ನು ಮಾಲೀಕರೇ ಇಂಥ ದಿನ ಕೊಟ್ಟರು, ಆಗ ಸ್ಫೂರ್ತಿ ಅಲ್ಲೇ ಇದ್ದಳು. ಇಷ್ಟೇ. ಒಂದು ಬೈಗುಳ ಇಲ್ಲ, ನನ್ನ ತಪ್ಪು ಅಂತ ಎಲ್ಲೂ ಬರೆದಿಲ್ಲ. ಕೆಳಗೆ ಎಡಗಡೆ ಅವರ ಸಹಿ. ಬಲಗಡೆ ಜಾಗ ಬಿಟ್ಟಿದ್ದರು.

"ಲಾಯರ್ ಹೇಳಿದ್ರು, ನನ್ ಒಬ್ಬಳ ಮಾತಾದ್ರೆ ಯಾರೂ ನಂಬಲ್ವಂತೆ. ಇನ್ನೊಬ್ರು ಸೈನ್ ಬೇಕಂತೆ. ನೀನಲ್ದೆ ಇನ್ಯಾರಿದ್ದಾರೆ ಹೇಳು? ನನ್ ಹೆಸ್ರೊಂದು ಉಳಿದ್ರೆ ಸಾಕು ಕಣೇ, ಕೆಲ್ಸ ಬೇಡ."

ಅವರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ನನ್ನ ಮನೆ ಸಾಲದ ಕಂತು, ಪರಮಾನಂದ ಸರ್ ಕೊಡಿಸಿದ ನೀರಿನ ಲೋಟ, ನಾಳೆಯ ನ್ಯೂಸ್ ಪೇಪರಿನಲ್ಲಿ ನನ್ನ ಹೆಸರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆಗ ನನ್ನ ಬಾಯಿಂದ ಬಂದ ಮಾತು ಯಾವ ಶತ್ರುವಿಗೂ ಹೊಳೆಯುವಂಥದ್ದಲ್ಲ.

"ಓದಿ ಹಾಕ್ತೀನಿ ಅಕ್ಕ. ಓದ್ದೇ ಸೈನ್ ಹಾಕ್ಬಾರ್ದು ಅಂತ ನೀವೇ ಹೇಳ್ತಿದ್ರಲ್ಲ."

ಅವರ ಮುಖ ಅರಳಿತು! ಅದನ್ನೇ ನನ್ನಿಂದ ಇವತ್ತಿಗೂ ತಡೆದುಕೊಳ್ಳಲು ಆಗುತ್ತಿಲ್ಲ. ಅನುಮಾನಪಟ್ಟಿದ್ದರೆ, ಬೈದಿದ್ದರೆ, ಹೋಗೇ ಅಂದಿದ್ದರೆ ಚೆನ್ನಾಗಿತ್ತು. "ಹೂಂ ಕಣೇ, ಓದು. ನಿಧಾನವಾಗಿ ಓದು. ಅರ್ಥ ಆಗ್ದಿದ್ರೆ ಕೇಳು" ಅಂದು, ಟೀ ದುಡ್ಡನ್ನೂ ಅವರೇ ಕೊಟ್ಟು ಹೋದರು.

ಈಗ ಅವರು ಬೊಮ್ಮಸಂದ್ರದಲ್ಲಿ ಮಾತ್ರೆ ತಯಾರಿಸುವ ಫ್ಯಾಕ್ಟರಿಯೊಂದರ ಪ್ಯಾಕಿಂಗಿನಲ್ಲಿ ಇದ್ದಾರೆ. ಡಬ್ಬಿಯ ಮೇಲಿನ ಬ್ಯಾಚ್ ನಂಬರು, ಕೊನೆಯ ತಾರೀಖು ಓದಿ ನೋಡುವ ಕೆಲಸ. ಕೇಸು ಹಾಗೇ ಇದೆ, ಕರೆದಾಗಲೆಲ್ಲ ವೈಟ್‌ಫೀಲ್ಡಿಗೆ ಬರಬೇಕು. ನನಗೆ ಸಂಬಳ ಹೆಚ್ಚಾಗಿದೆ. ಆ ಎರಡು ಹಾಳೆ ನನಗೆ ಬಾಯಿಪಾಠವಾಗಿದೆ, ಯಾವ ಸಾಲಿನಲ್ಲಿ ಪೆನ್ನಿನ ಶಾಯಿ ಹತ್ತಿಲ್ಲ ಅನ್ನುವುದೂ ಗೊತ್ತು.

ಹೋದ ವಾರ ಮಾರತ್ತಹಳ್ಳಿ ಸೇತುವೆಯ ಹತ್ತಿರದ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ಭುಜ ಮುಟ್ಟಿದರು. ವನಜಕ್ಕ. ಸೊರಗಿದ್ದರು, ಕನ್ನಡಕ ಬಂದಿತ್ತು. ಬೊಮ್ಮಸಂದ್ರದಿಂದ ಬಂದು ಇಲ್ಲಿ ಬಸ್ ಬದಲಾಯಿಸಿ ಠಾಣೆಗೆ ಹೊರಟಿದ್ದರು.

"ತಿಂಡಿ ಆಯ್ತೇನೇ?" ಅಂತ ಕೇಳಿ, ನನ್ನ ಉತ್ತರಕ್ಕೂ ಕಾಯದೆ, ಅಷ್ಟೇ ಸಹಜವಾಗಿ, "ಓದಾಯ್ತಾ?" ಅಂದರು.

"ಇಲ್ಲ ಅಕ್ಕ. ಅದು... ಎರಡು ಕಡೆ ಅರ್ಥ ಆಗ್ಲಿಲ್ಲ."

"ಯಾವೆರಡು ಕಡೆ? ತಂದಿದೀಯಾ? ತೆಗಿ, ಬಸ್ ಬರೋದ್ರೊಳಗೆ ಓದಿ ಹೇಳ್ತೀನಿ" ಅಂದು ಕನ್ನಡಕ ಸರಿಮಾಡಿಕೊಂಡು ಕೈ ಚಾಚಿದರು. ಹಾಳೆಗಳು ಬ್ಯಾಗಿನಲ್ಲೇ ಇದ್ದವು. ಪೆನ್ನೂ ಇತ್ತು. ಅವರು ಅಲ್ಲೇ, ಅಷ್ಟು ಜನರ ನಡುವೆ, ಬೆರಳಿಟ್ಟು ಬಾಯಿಬಿಟ್ಟು ಓದುವುದು ಖಂಡಿತ ಅಂತ ನನಗೆ ಗೊತ್ತಿತ್ತು.

"ನನ್ ಬಸ್ ಬಂತು ಅಕ್ಕ" ಅಂತ ಎದುರಿಗೆ ನಿಂತದ್ದನ್ನು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದರೆ ಅವರು ಚಾಚಿದ್ದ ಕೈಯನ್ನೇ ಎತ್ತಿ ಟಾಟಾ ಮಾಡುತ್ತಿದ್ದರು. ಅದು ವರ್ತೂರಿಗೆ ಹೋಗುವ ಬಸ್ಸು. ನಾನಿರುವುದು ಅತ್ತ ಕಡೆ ಅಲ್ಲ, ಅದು ವನಜಕ್ಕನಿಗೂ ಗೊತ್ತು.